ಗೇರು ಮರದ ಕೆಳಗಿನ ಅಲಾಸ್ಕಾ

ಅಲಾಸ್ಕಾಕ್ಕೆ ಹೊರಡುವ ಮೊದಲು ಅಮ್ಮ ನಮ್ಮ ಮೂವರ ಕಾಲಿಗೂ ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಹಚ್ಚಿದರು. ರಕ್ತ ಹೀರುವ ಇಂಬಳ ಹತ್ತಬಾರದಲ್ಲ, ಅದಕ್ಕೆ.

2021ರ ಜುಲೈ ಮೊದಲ ವಾರ, ಕೊರೊನಾ ಕಾಲ. ಆರಿದ್ರಾ ಮಳೆ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಹೊಸನಗರದ ಕಡೆಯ ತವರಿಗೆ ಬಂದು ಮೂರು ತಿಂಗಳಾಗಿತ್ತು. ಮಗಳು ನಾಲ್ಕನೇ ಕ್ಲಾಸು, ಅಣ್ಣನ ಮಗ ಆರನೇ ಕ್ಲಾಸು. ಶಾಲೆ ಅನ್ನುವುದು ಫೋನಿಗೆ ಬಂದು ಬೀಳುವ ಪಿಡಿಎಫ್ ಆಗಿತ್ತು. ಟಿವಿಯ ಚಂದನದಲ್ಲಿ ಪಾಠ ಬರುತ್ತಿತ್ತು, ಆದರೆ ಪಾಠ ಇದ್ದಾಗ ಕರೆಂಟ್ ಇರುತ್ತಿರಲಿಲ್ಲ. ಮನೆಯೊಳಗೆ ನೆಟ್‌ವರ್ಕ್ ಅಂತೂ ಮೊದಲಿನಿಂದಲೂ ಇಲ್ಲ. ಹಿಂದಿನ ಗುಡ್ಡ ಹತ್ತಿದರೆ ಗೇರು ಮರದ ಕೆಳಗೆ ಎರಡು ಕಡ್ಡಿ ಸಿಗುತ್ತದೆ. ಅಣ್ಣ ಅಲ್ಲಿ ನಾಲ್ಕು ಗಳು ನೆಟ್ಟು ಟಾರ್ಪಾಲು ಕಟ್ಟಿಕೊಟ್ಟಿದ್ದ. ನನ್ನ ಆಫೀಸೂ ಅದೇ, ಮಕ್ಕಳ ಶಾಲೆಯೂ ಅದೇ.

ಮಕ್ಕಳನ್ನು ಕೂತಲ್ಲೇ ಟ್ರಿಪ್ ಕರೆದುಕೊಂಡು ಹೋಗುವ ಯೋಚನೆ ನನ್ನದು. ವರ್ಚುವಲ್ ಫೀಲ್ಡ್ ಟ್ರಿಪ್ ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ಮ್ಯೂಸಿಯಮ್ಮು, ಕೋಟೆ, ಪಿರಮಿಡ್ಡು ಏನು ಬೇಕಾದರೂ ಮೌಸ್ ತಿರುಗಿಸಿ ನೋಡಬಹುದು. ಮೊದಲು ಹಂಪಿಗೆ ಹೋದೆವು. ವಿಜಯ ವಿಠ್ಠಲನ ಕಲ್ಲಿನ ರಥದ ಮುಂದೆ ಎರಡು ಸೆಕೆಂಡಿನಲ್ಲಿ ನಿಂತಿದ್ದೆವು. ಮಗಳು ಬಾಣದ ಗುರುತು ಒತ್ತಿ ರಥಕ್ಕೆ ಒಂದು ಸುತ್ತು ಹಾಕಿದಳು. 'ಆಯ್ತು. ಮುಂದೆ?' ಅಂದಳು. ಪ್ಯಾರಿಸ್ಸು ಆಯಿತು, ಈಜಿಪ್ಟು ಆಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಆಮೇಲೆ ಇಬ್ಬರೂ ಟಾರ್ಪಾಲಿನಿಂದ ಸುರಿಯುವ ನೀರಿಗೆ ಕೈಯೊಡ್ಡಿ ಆಡುತ್ತಾ ಕೂತರು.

ಬೇಜಾರಾಯಿತು. ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ, ಯಾಕಂದರೆ ನನಗೂ ಹಂಪಿಗೆ ಹೋಗಿ ಬಂದ ಹಾಗೆ ಅನಿಸಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿ ಜೋಗಕ್ಕೆ ಪ್ರವಾಸ ಹೋಗಿದ್ದು ನೆನಪಾಯಿತು. ಬಸ್ಸಿನಲ್ಲಿ ಅರ್ಧ ಜನ ವಾಂತಿ. ಅಲ್ಲಿ ಇಳಿದರೆ ಎದುರಿಗೆ ಬರೀ ಮಂಜು. 830 ಅಡಿ ಎತ್ತರದ ಜಲಪಾತ ಸದ್ದು ಮಾತ್ರ ಮಾಡುತ್ತಿದೆ, ಕಾಣುತ್ತಿಲ್ಲ. ಕಟ್ಟೆಗೆ ಒರಗಿ ಮೊಸರನ್ನ ತಿಂದು, ಜಗಳವಾಡಿ, ಮೇಷ್ಟ್ರ ಹತ್ತಿರ ಬೈಸಿಕೊಂಡು ಒಂದು ಗಂಟೆ ಕಾದೆವು. ಆಮೇಲೆ ಯಾರೋ ಪರದೆ ಎಳೆದ ಹಾಗೆ ಮಂಜು ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್. ಎಣಿಸಿ ಮುಗಿಸುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು. ಎರಡು ನಿಮಿಷ ಇರಬಹುದು. ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಬಾಣದ ಗುರುತು ಒತ್ತಿ ನೋಡುವ ಊರಿನಲ್ಲಿ ಇಂಥ ಮಂಜು ಇಲ್ಲವಲ್ಲ. ಹೋದ ತಕ್ಷಣ ಎಲ್ಲ ಸಿಕ್ಕಿಬಿಡುತ್ತದೆ.

ಹಾಗೆ ಹುಡುಕುವಾಗ ಸಿಕ್ಕಿದ್ದು ಅಲಾಸ್ಕಾದ ಕ್ಯಾಟ್‌ಮೈ ನ್ಯಾಷನಲ್ ಪಾರ್ಕಿನ ಲೈವ್ ಕ್ಯಾಮೆರಾ. ಅಲ್ಲಿ ಬ್ರೂಕ್ಸ್ ಅಂತ ಒಂದು ಹೊಳೆ, ಅದರಲ್ಲಿ ಬ್ರೂಕ್ಸ್ ಫಾಲ್ಸ್. ನಮ್ಮ ಜೋಗ ಕಂಡವರಿಗೆ ಅದನ್ನು ಜಲಪಾತ ಅನ್ನಲು ಸಂಕೋಚವಾಗಬೇಕು, ಎತ್ತರ ಆರು ಅಡಿ ಅಷ್ಟೇ. ಆದರೆ ಬೇಸಿಗೆಯಲ್ಲಿ ಸಮುದ್ರದಿಂದ ಸಾಕ್‌ಐ ಸಾಲ್ಮನ್ ಮೀನುಗಳು ಹೊಳೆಗುಂಟ ಮೇಲೆ ಬರುತ್ತವೆ. ಬಂದವು ಈ ಆರು ಅಡಿ ಹಾರಬೇಕು. ಹಾರುವ ಜಾಗದಲ್ಲೇ ಕಂದು ಕರಡಿಗಳು ಬಾಯಿ ತೆರೆದು ನಿಂತಿರುತ್ತವೆ. ಅದನ್ನು ಎಕ್ಸ್‌ಪ್ಲೋರ್ ಡಾಟ್ ಆರ್ಗ್‌ನವರು 2012ರಿಂದ ಪುಕ್ಕಟೆ ನೇರವಾಗಿ ತೋರಿಸುತ್ತಿದ್ದಾರೆ. ಅಲ್ಲಿಗೆ ಹೋಗಲು ರಸ್ತೆಯಿಲ್ಲ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಮಳೆಗಾಲದಲ್ಲಿ ನಮ್ಮೂರಿಗೂ ಹೆಚ್ಚುಕಡಿಮೆ ಅದೇ ಕಥೆ ಬಿಡಿ.

ಆ ದಿನ ಬೆಳಿಗ್ಗೆ ಎಂಟಕ್ಕೆ ಗುಡ್ಡ ಹತ್ತಿದೆವು. ಕಂಬಳಿ ಕೊಪ್ಪೆ, ಕೊಡೆ, ಪ್ಲಾಸ್ಟಿಕ್ ಚೀಲದಲ್ಲಿ ಲ್ಯಾಪ್‌ಟಾಪ್, ಒಂದು ಡಬ್ಬಿ ಅವಲಕ್ಕಿ. ಫೋನನ್ನು ಗೇರಿನ ಕೊಂಬೆಗೆ ಹಗ್ಗದಲ್ಲಿ ನೇತುಹಾಕಿದರೆ ಹಾಟ್‌ಸ್ಪಾಟ್ ಸ್ವಲ್ಪ ಚೆನ್ನಾಗಿ ಸಿಗುತ್ತಿತ್ತು. ಚಿತ್ರ 144ಪಿಗಿಂತ ಮೇಲೆ ಏರಲಿಲ್ಲ. ಬಿಳಿ ನೊರೆ, ಅದರ ನಡುವೆ ಕಂದು ಗುಡ್ಡೆಗಳು. ಗುಡ್ಡೆಗಳಲ್ಲಿ ಒಂದು ಅಲುಗಾಡಿದಾಗ ಕರಡಿ ಅಂತ ಗೊತ್ತಾಯಿತು.

ಅಲ್ಲಿ ಬಿಸಿಲು ಓರೆಯಾಗಿತ್ತು. ಮಗಳು ಕೇಳಿದಳು, 'ಅಲ್ಲಿ ಸಂಜೆನಾ?'

'ಹೌದು, ಸಂಜೆ ಆರೂವರೆ. ನಿನ್ನೆಯ ಸಂಜೆ.'

'ಅಲ್ಲಿ ಇನ್ನೂ ನಿನ್ನೆನಾ?'

ಭೂಗೋಳದ ಪಾಠ ಇದೇ ಅಂದುಕೊಂಡು ನಾನು ಕೊಡೆಯನ್ನು ಭೂಮಿ ಮಾಡಿ ತಿರುಗಿಸಿ ತೋರಿಸಲು ಹೋದೆ. ಅವಳಿಗೆ ಅದು ಬೇಕಿರಲಿಲ್ಲ. ನಿನ್ನೆಯನ್ನು ಇವತ್ತು ಕೂತು ನೋಡುತ್ತಿದ್ದೇನೆ ಅನ್ನುವುದೇ ಸಾಕಾಗಿತ್ತು.

ಅರ್ಧ ಗಂಟೆ ಏನೂ ಆಗಲಿಲ್ಲ. ನಾಲ್ಕು ಕರಡಿ, ಸುಮ್ನೆ ನಿಂತಿವೆ. ಜಲಪಾತದ ಅಂಚಿನ ಮೇಲೆ ಎರಡು, ಕೆಳಗಿನ ಗುಂಡಿಯಲ್ಲಿ ಎರಡು. ನನಗೆ ಒಳಗೊಳಗೇ ಕಸಿವಿಸಿ, ಇದೂ ಹಂಪಿಯ ಹಾಗೆ ಆಗುತ್ತದಾ ಅಂತ. ಆದರೆ ಇಬ್ಬರೂ ಕದಲಲಿಲ್ಲ. ಬಾಣದ ಗುರುತು ಇಲ್ಲವಲ್ಲ, ಒತ್ತಲು ಏನೂ ಇಲ್ಲ. ಯಾವ ಕ್ಷಣದಲ್ಲಾದರೂ ಆಗಬಹುದು, ಆ ಹೊತ್ತಿಗೆ ಅವಲಕ್ಕಿ ಡಬ್ಬಿ ಕಡೆ ನೋಡಿದರೆ ತಪ್ಪಿಹೋಗುತ್ತದೆ. ಅಣ್ಣನ ಮಗ ನೋಟ್‌ಬುಕ್ ತೆಗೆದು ಗೀಟು ಹಾಕಲು ಶುರು ಮಾಡಿದ. ನೊರೆಯಲ್ಲಿ ಕಪ್ಪು ಗೀರು ಚಿಮ್ಮಿದರೆ ಒಂದು ಗೀಟು. ಗೀರು ಮೇಲೆ ಹೋಗಿ ಕಾಣೆಯಾದರೆ ಗೀಟಿನ ಸುತ್ತ ಸೊನ್ನೆ. ಅವತ್ತಿನ ಪುಟ ಇನ್ನೂ ಇದೆ. 61 ಗೀಟು, 4 ಸೊನ್ನೆ. ಕರಡಿ ಬಾಯಿಗೆ ಬಿದ್ದದ್ದು ಒಂದು. ಅದಕ್ಕೆ ಮಗಳು ಪಕ್ಕದಲ್ಲಿ ಹಲ್ಲು ಬರೆದಿದ್ದಾಳೆ.

ಆ ಒಂದು ಹೇಗಿತ್ತು ಅಂದರೆ, ಅಂಚಿನ ಕರಡಿ ತಲೆಯನ್ನೂ ಎತ್ತಲಿಲ್ಲ. ಮೀನೇ ಬಂದು ತೆರೆದ ಬಾಯಿಗೆ ಬಿತ್ತು. ಮಕ್ಕಳು ಕಿರುಚಿದ ರಭಸಕ್ಕೆ ಟಾರ್ಪಾಲಿನ ನೀರು ನನ್ನ ಬೆನ್ನ ಮೇಲೆ ಸುರಿಯಿತು.

ಆ ಕಿರುಚಾಟ ಕೇಳಿ ಅಮ್ಮ ಬಂದರು. ದನಕ್ಕೆ ಹುಲ್ಲು ಕೊಯ್ಯಲು ಆಚೆ ದಿಬ್ಬಕ್ಕೆ ಹೋಗಿದ್ದವರು, ಹೊರೆ ಇಳಿಸದೆ ಹಾಗೇ ಬಗ್ಗಿ ನೋಡಿದರು. ಮತ್ತೊಂದು ಮೀನು ಹಾರಿತು.

'ಹತ್ತು ಮೀನಲ್ವನೇ ಇದು!'

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಹಳ್ಳದ ಮೀನುಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ಗದ್ದೆಗೆ ಹತ್ತಿ ಬರುತ್ತವೆ. ಅವೇ ಹತ್ತು ಮೀನು. ರಾತ್ರಿಯೆಲ್ಲ ಟಾರ್ಚು ಹಿಡಿದು ಶಿಕಾರಿಗೆ ಹೋಗುವವರಿದ್ದಾರೆ. ನಾನೂ ಸಣ್ಣವಳಿದ್ದಾಗ ಅಪ್ಪನ ಹಿಂದೆ ಹೋಗಿದ್ದೆ. ಅಷ್ಟಾದರೂ ಸಾಲ್ಮನ್ ಕಂಡಾಗ ನನಗೆ ಅದು ಹೊಳೆಯಲೇ ಇಲ್ಲ ನೋಡಿ. ಅದು ಅಲಾಸ್ಕಾ, ಇದು ಕೆಳಗಿನ ಗದ್ದೆ ಅಂತ ತಲೆಯಲ್ಲಿ ಎರಡು ಬೇರೆ ಡಬ್ಬಿ ಇಟ್ಟುಕೊಂಡಿದ್ದೆ.

ಅಮ್ಮನ ಪ್ರಶ್ನೆಗಳು ಶುರುವಾದವು. 'ಅಲ್ಲೂ ಆರಿದ್ರೆ ಮಳೆನಾ?' 'ನಮ್ಮ ಕರಡಿ ಹುತ್ತ ಅಗೆದು ಗೆದ್ದಲು ತಿನ್ನುತ್ತೆ, ಇದಕ್ಕೆ ಮೀನು ಯಾಕೆ?' ನನಗೆ ಗೊತ್ತಿದ್ದಷ್ಟು ಹೇಳಿದೆ. ಅಲ್ಲಿನ ಕರಡಿ ಚಳಿಗಾಲವೆಲ್ಲ ಗುಹೆಯಲ್ಲಿ ಮಲಗಿರುತ್ತದೆ, ಅಷ್ಟರಲ್ಲಿ ಮೈತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಕರಗಿಹೋಗಬಹುದು. ಅದಕ್ಕೇ ಈಗ ತಿಂದು ಕೊಬ್ಬಬೇಕು. ದೊಡ್ಡ ಗಂಡು ಚಳಿ ಶುರುವಾಗುವ ಹೊತ್ತಿಗೆ 450 ಕಿಲೋ ದಾಟುತ್ತದೆ. ಸಾಲ್ಮನ್ ಹುಟ್ಟುವುದು ಸಿಹಿನೀರಿನಲ್ಲಿ. ಸಮುದ್ರಕ್ಕೆ ಹೋಗಿ ಕೆಲವು ವರ್ಷ ಬೆಳೆದು, ಹುಟ್ಟಿದ ಹೊಳೆಯ ವಾಸನೆ ಹಿಡಿದು ವಾಪಸ್ ಬರುತ್ತದೆ. ಹೊಳೆಗೆ ಬಂದ ಮೇಲೆ ಊಟವಿಲ್ಲ. ಮೊಟ್ಟೆ ಇಟ್ಟು ಸಾಯುತ್ತದೆ.

'ಸಾಯಕ್ಕೆ ಅಷ್ಟು ದೂರ ಬರ್ತದಾ' ಅಂದರು ಅಮ್ಮ. ಹುಲ್ಲಿನ ಹೊರೆ ಆಗ ಇಳಿಸಿದರು.

ಅಷ್ಟರಲ್ಲಿ ಚಿತ್ರ ನಿಂತಿತು. ಪರದೆಯ ಮೇಲೆ ಗುಂಡಗೆ ತಿರುಗುವ ಚಕ್ರ. ಊರಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ, ಜನರೇಟರಿಗೆ ಡೀಸೆಲ್ ಇರುವುದಿಲ್ಲ. ಮಗಳು ಅಳುವುದೊಂದು ಬಾಕಿ. 'ಅದಕ್ಯಾಕೆ ಅಳ್ತೀಯ, ಬಾ' ಅಂತ ಅಮ್ಮ ಕೆಳಗಿನ ಗದ್ದೆಗೆ ಹೊರಟರು.

ಗದ್ದೆಯ ಅಂಚಿನಲ್ಲಿ ನೀರು ಬಿಡಲು ಒಂದು ಕಂಡಿ. ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಕೆಂಪು ನೀರು ಒಂದಡಿ ಎತ್ತರದಿಂದ ಬೀಳುತ್ತಿತ್ತು. ಅಮ್ಮ ನಮ್ಮನ್ನು ಅಂಚಿನ ಮೇಲೆ ಕುಕ್ಕರುಗಾಲಲ್ಲಿ ಕೂರಿಸಿ ಬಾಯಿ ಮುಚ್ಚಿಸಿದರು. ಮಳೆ, ಕಪ್ಪೆ, ನೀರು, ಮತ್ತೇನೂ ಇಲ್ಲ. ಕಾಲುಗಂಟೆ. ಆಮೇಲೆ ಕೆಸರು ನೀರಿನಿಂದ ಕಿರುಬೆರಳುದ್ದದ ಬೆಳ್ಳಿ ಚೂರೊಂದು ಎದ್ದು, ಅಂಚಿನ ಮಣ್ಣಿಗೆ ಪಟ್ ಅಂತ ಬಡಿದು ಕೆಳಗೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಮೂರನೇ ಸಲ ಬೀಳುವ ನೀರಿನೊಳಗೇ ನುಗ್ಗಿ, ಬಾಲವನ್ನು ಪಟಪಟ ಬಡಿಯುತ್ತಾ, ಒಂದು ಕ್ಷಣ ಅರ್ಧದಲ್ಲೇ ನಿಂತು, ಮೇಲಿನ ಗದ್ದೆಗೆ ಜಾರಿಕೊಂಡಿತು. ಅದರ ಹೊಟ್ಟೆ ಉಬ್ಬಿದ್ದು, ಕಿವಿರಿನ ಹತ್ತಿರ ಹಳದಿ ಬಣ್ಣ ಇದ್ದದ್ದು ಎಲ್ಲ ಕಂಡಿತು. 144ಪಿ ಅಲ್ಲವಲ್ಲ.

ಅಣ್ಣನ ಮಗ ನೋಟ್‌ಬುಕ್ ಗುಡ್ಡದಲ್ಲೇ ಬಿಟ್ಟುಬಂದಿದ್ದ. ಕೆಸರಿನ ಮೇಲೆ ಬೆರಳಿನಿಂದ ಸೊನ್ನೆ ಬರೆದ.

'ಅಜ್ಜಿ, ಇಲ್ಲಿ ಕರಡಿ ಇಲ್ವಾ?' ಮಗಳು ಪಿಸುಗುಟ್ಟಿದಳು.

ಅಮ್ಮ ಇನ್ನೊಂದು ಕಂಡಿಯ ಕಡೆ ಕೈ ತೋರಿಸಿದರು. ಅಲ್ಲಿ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟಿದ್ದರು. 'ಕರಡಿ ನಾವೇ ಅಲ್ವಾ.'

ರಾತ್ರಿ ಮೀನು ಸಾರು. ಮಗಳು ಮುಟ್ಟಲಿಲ್ಲ. ಮೊಟ್ಟೆ ಇಡಲು ಬಂದದ್ದನ್ನು ಹಿಡಿಯುವುದು ತಪ್ಪು ಅಂತ ವಾದ ಮಾಡಿದಳು. ನನಗೂ ಅವಳ ಮಾತು ಸರಿ ಅನಿಸುತ್ತದೆ. ಕೂಣಿ ಜಾಸ್ತಿಯಾಗಿ ಮೀನು ಕಡಿಮೆಯಾಗಿದೆ ಅಂತ ಊರವರೇ ಹೇಳುತ್ತಾರೆ. ಆದರೂ ಎರಡು ಸಲ ಬಡಿಸಿಕೊಂಡೆ.

ಜುಲೈ ಕೊನೆಯ ವಾರದ ಹುಚ್ಚು ಮಳೆಗೆ ಎಂಟು ದಿನ ಕರೆಂಟ್ ಇರಲಿಲ್ಲ. ಮತ್ತೆ ಗುಡ್ಡ ಹತ್ತಿದಾಗ ಜಲಪಾತದಲ್ಲಿ ಹೊಸಬನೊಬ್ಬ ಬಂದಿದ್ದ. ಅಲ್ಲಿನ ಕರಡಿಗಳಿಗೆ ನಂಬರು ಕೊಡುತ್ತಾರೆ. ಇವನು 480, ಜನ ಕರೆಯುವುದು ಓಟಿಸ್ ಅಂತ. ಆಗ ವಯಸ್ಸು ಇಪ್ಪತ್ತೈದರ ಹತ್ತಿರ. ಎರಡು ಕೋರೆಹಲ್ಲು ಇರಲಿಲ್ಲ. ಆ ವರ್ಷ ತಡವಾಗಿ, ಬಡಕಲಾಗಿ ಬಂದಿದ್ದ. ಬೇರೆಯವರ ಹಾಗೆ ಜಾಗಕ್ಕೆ ಕಿತ್ತಾಡುತ್ತಿರಲಿಲ್ಲ, ಜಲಪಾತದ ಬುಡದಲ್ಲಿ ಒಂದು ಮೂಲೆ ಹಿಡಿದು ಕೂರುತ್ತಿದ್ದ. ಮೀನು ತಾನಾಗಿ ಹತ್ತಿರ ಬರುವ ತನಕ ಕೂತೇ ಇರುತ್ತಿದ್ದ. ಹಿಂದೊಮ್ಮೆ ಹಾಗೆ ಕೂತಲ್ಲೇ 42 ಸಾಲ್ಮನ್ ತಿಂದಿದ್ದನಂತೆ. ಆ ಮೂಲೆಗೆ ನೋಡುಗರು ಇಟ್ಟ ಹೆಸರು 'ಆಫೀಸು'. ಟಾರ್ಪಾಲಿನ ಕೆಳಗೆ ಕೂತ ನನಗೆ ಅವನ ಮೇಲೆ ಸಹೋದ್ಯೋಗಿಯ ಪ್ರೀತಿ ಬಂತು.

ಅಮ್ಮನಿಗೂ ಮುಂದಿನ ಹಲ್ಲಿಲ್ಲ, ಸೆಟ್ಟು ಕಟ್ಟಿಸಲು ಒಪ್ಪುವುದಿಲ್ಲ. ಅವತ್ತಿನಿಂದ ಹುಲ್ಲಿಗೆ ಹೋಗುವ ದಾರಿಯನ್ನೇ ಬದಲಾಯಿಸಿಕೊಂಡು ಗೇರು ಮರದ ಮೇಲಿಂದ ಹೋಗತೊಡಗಿದರು. 'ಏನು ತಿಂದ?' ಅಂತ ಕೇಳುವುದು, ತಿಂದಿಲ್ಲ ಅಂದರೆ ಹೊರೆ ಇಳಿಸಿ ಕೂರುವುದು.

ಅಕ್ಟೋಬರ್ ಮೊದಲ ವಾರ ಪಾರ್ಕಿನವರ ದಪ್ಪ ಕರಡಿ ಸ್ಪರ್ಧೆಯಲ್ಲಿ ಜನ ಓಟು ಹಾಕಿ ಓಟಿಸ್‌ನನ್ನೇ ಗೆಲ್ಲಿಸಿದರು, ನಾಲ್ಕನೇ ಸಲ. ಆ ಹೊತ್ತಿಗೆ ಅವನು ಪೀಪಾಯಿ ಆಗಿದ್ದ. ತಿಂಗಳ ಕೊನೆಗೆ ಸಣ್ಣ ಮಕ್ಕಳ ಶಾಲೆ ತೆರೆಯಿತು, ನಾವು ಬೆಂಗಳೂರಿಗೆ ಬಂದೆವು.

ಮರುವರ್ಷ ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಮ್ಮನ ಫೋನು. ಗುಡ್ಡ ಹತ್ತಿ ಮಾಡಿದ್ದಿರಬೇಕು, ಏದುಸಿರು ಕೇಳಿಸುತ್ತಿತ್ತು. 'ಗದ್ದೆಗೆ ಮೀನು ಹತ್ತಿದಾವೆ. ಅಲ್ಲಿ ಆ ಹಲ್ಲಿಲ್ಲದವನು ಬಂದನಾ ನೋಡು.' ಮಗಳು ಶಾಲೆಗೆ ಹೋಗಿದ್ದಳು. ನಾನೇ ಲ್ಯಾಪ್‌ಟಾಪ್ ತೆರೆದೆ. ಅಲ್ಲಿ ನಿನ್ನೆಯ ಸಂಜೆ. ಒಂದು ಕರಡಿಯೂ ಇಲ್ಲ, ನೀರು ಬೀಳುತ್ತಿದೆ ಅಷ್ಟೇ.

'ಯಾರೂ ಇಲ್ಲಮ್ಮ' ಅಂದೆ.

'ಸರಿ. ಫೋನ್ ಇಡಬೇಡ, ನೋಡ್ತಿರು' ಅಂದರು.