ಎಷ್ಟು ನಿಮಿಷ?

ವೈದ್ಯರು ಕೇಳಿದ ಎರಡನೆಯ ಪ್ರಶ್ನೆಗೇ ನಾನೂ ನನ್ನ ಹೆಂಡತಿಯೂ ಬೇರೆ ಬೇರೆ ಉತ್ತರ ಕೊಟ್ಟೆವು. "ಕೂಡಿದ ಮೇಲೆ ಸ್ಖಲನವಾಗಲು ಸುಮಾರು ಎಷ್ಟು ಹೊತ್ತು ಹಿಡಿಯುತ್ತದೆ?" ಎಂದು ಅವರು ಕೇಳಿದ್ದರು. ಅರ್ಧ ನಿಮಿಷವೂ ಇಲ್ಲ ಎಂದೆ ನಾನು. ಎರಡು ನಿಮಿಷ ಇರಬಹುದು ಎಂದಳು ಅವಳು. ವೈದ್ಯರು ಎರಡನ್ನೂ ಬರೆದುಕೊಂಡರು. ಯಾರದ್ದು ಸರಿ ಎಂದು ಕೇಳಲಿಲ್ಲ.

ಶೀಘ್ರಸ್ಖಲನಕ್ಕೆ ತೋರಿಸಿಕೊಳ್ಳುವುದೆಂದರೆ ಪರದೆಯ ಹಿಂದೆ ಹೋಗಿ ಮಲಗಬೇಕು, ಯಂತ್ರಕ್ಕೆ ಒಡ್ಡಿಕೊಳ್ಳಬೇಕು ಎಂದೇ ಮನಸ್ಸನ್ನು ಗಟ್ಟಿ ಮಾಡಿಕೊಂಡು ಬಂದಿದ್ದೆ. ಅಂದು ಮುಕ್ಕಾಲು ಪಾಲು ಹೊತ್ತು ಕಳೆದದ್ದು ಕುರ್ಚಿಯಲ್ಲಿ ಕುಳಿತು ಮಾತನಾಡುವುದರಲ್ಲಿ. ಈ ತೊಂದರೆಯ ರೋಗನಿರ್ಣಯ ಬಹುಪಾಲು ರೋಗಿಯ ಮಾತಿನಿಂದಲೇ ಆಗುತ್ತದೆಯಂತೆ. ದೇಹಪರೀಕ್ಷೆ ಐದು ನಿಮಿಷದಲ್ಲಿ ಮುಗಿಯಿತು. ವೈದ್ಯರು ಮಹಿಳೆ. ಮೊದಲ ಕೆಲವು ವಾಕ್ಯಗಳನ್ನು ನಾನು ಮೇಜಿನ ಮೇಲಿದ್ದ ಪೆನ್ನಿನ ಸ್ಟ್ಯಾಂಡಿಗೆ ಹೇಳಿದೆ. ಅವರು ಮಾತ್ರ ಮಂಡಿನೋವಿನ ಬಗ್ಗೆ ವಿಚಾರಿಸುವ ದನಿಯಲ್ಲಿಯೇ ಕೇಳುತ್ತಾ ಹೋದರು.

"ಮೊದಲಿನಿಂದಲೂ ಹೀಗೆಯೋ, ನಡುವೆ ಶುರುವಾದದ್ದೋ?"

ನಡುವೆ ಶುರುವಾದದ್ದು. ಮದುವೆಯಾಗಿ ಹಲವು ವರ್ಷ ಇಂಥ ಯೋಚನೆಯೇ ಬಂದಿರಲಿಲ್ಲ. ಹಾಗೆಂದ ಕೂಡಲೇ ಅವರು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಒಂದು, ಮೊದಲ ಅನುಭವದಿಂದಲೇ ಬಹುತೇಕ ಪ್ರತಿ ಸಲವೂ ಸುಮಾರು 1 ನಿಮಿಷದೊಳಗೆ ಸ್ಖಲನವಾಗುವುದು. ಇನ್ನೊಂದು, ಚೆನ್ನಾಗಿಯೇ ಇದ್ದು ನಂತರ ಹೊತ್ತು ಕಡಿಮೆಯಾಗಿ ಸುಮಾರು 3 ನಿಮಿಷಕ್ಕೋ ಅದಕ್ಕಿಂತ ಕೆಳಗೋ ಇಳಿಯುವುದು. ಅಂತರರಾಷ್ಟ್ರೀಯ ಲೈಂಗಿಕ ವೈದ್ಯರ ಸಂಘದವರು ಒಪ್ಪಿಕೊಂಡಿರುವ ವಿಂಗಡಣೆ ಇದು. ಎರಡರಲ್ಲಿಯೂ ಬರೀ ನಿಮಿಷ ಸಾಲದು, ತಡೆದುಕೊಳ್ಳಲು ಆಗದಿರಬೇಕು, ಅದರಿಂದ ಮನಸ್ಸಿಗೆ ಸಂಕಟವೂ ಆಗಿರಬೇಕು. ಬೇಗ ಮುಗಿದರೂ ಇಬ್ಬರೂ ನೆಮ್ಮದಿಯಾಗಿದ್ದರೆ ಅಲ್ಲಿ ಚಿಕಿತ್ಸೆಗೇನೂ ಕೆಲಸವಿಲ್ಲ.

ಹಾಗಾದರೆ ಉಳಿದವರಿಗೆ ಎಷ್ಟು ಹೊತ್ತು ಎಂದು ಕೇಳಿಯೇಬಿಟ್ಟೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದರು. ಐದು ದೇಶಗಳ 500 ಜೋಡಿಗಳು ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದ ಲೆಕ್ಕ ಅದು. ಅರ್ಧ ನಿಮಿಷದವರೂ ಇದ್ದರು, 44 ನಿಮಿಷದವರೂ ಇದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವನದು 5.4 ನಿಮಿಷ. ಅರ್ಧ ಗಂಟೆ ಎಂಬ ಅಳತೆಗೋಲನ್ನು ಇಷ್ಟು ವರ್ಷ ನನ್ನ ತಲೆಯಲ್ಲಿ ನೆಟ್ಟವರು ಯಾರೋ ಗೊತ್ತಿಲ್ಲ. ಗೆಳೆಯರ ಬಡಾಯಿ ಒಂದಷ್ಟು, ಮೊಬೈಲಿನ ವಿಡಿಯೊಗಳು ಮತ್ತಷ್ಟು ಇರಬೇಕು. ಅಂಥ ಹೊತ್ತಿನಲ್ಲಿಯೂ ಗುಂಡಿ ಒತ್ತಲು ಮರೆಯದ ಆ ಜೋಡಿಗಳ ಶಿಸ್ತಿಗೆ ಮಾತ್ರ ಮೆಚ್ಚಬೇಕು.

ಆಮೇಲೆ ಬಂದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ನಿಮಿರುವಿಕೆ ಕೊನೆಯವರೆಗೆ ನಿಲ್ಲುತ್ತದೆಯೇ?"

ನಾನು ಉತ್ತರ ಹುಡುಕುತ್ತಿರುವಾಗಲೇ ಹೆಂಡತಿ ಹೇಳಿದಳು: "ನಡುವೆ ಎಲ್ಲಿ ಸಡಿಲವಾಗಿಬಿಡುತ್ತದೋ ಎಂದು ಇವರಿಗೆ ಹೆದರಿಕೆ, ಡಾಕ್ಟ್ರೇ. ಅದಕ್ಕೇ ಅವಸರ ಮಾಡುತ್ತಾರೆ."

ಈ ಮಾತನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನು ನನಗೇ ಹೇಳಿಕೊಂಡಿರಲಿಲ್ಲ. ಆದರೆ ಕೇಳಿದ ಕ್ಷಣವೇ ನಿಜ ಎಂದು ಗೊತ್ತಾಯಿತು. ಕರೆಂಟು ಹೋಗುವುದರೊಳಗೆ ಕೆಲಸ ಮುಗಿಸಿಕೊಳ್ಳಬೇಕು ಎನ್ನುವವನ ಧಾವಂತ ಅದು. ವೈದ್ಯರು ಪೆನ್ನು ಕೆಳಗಿಟ್ಟರು. ಇಂಥವರಿಗೆ ಸ್ಖಲನವನ್ನಷ್ಟೇ ಮುಂದೂಡುವ ಔಷಧ ಕೊಟ್ಟರೆ ಪ್ರಯೋಜನವಿಲ್ಲ, ನಿಮಿರುವಿಕೆಯನ್ನು ಮೊದಲು ಸರಿಪಡಿಸಬೇಕು ಎಂದರು. ಮೂತ್ರ ಮಾಡುವಾಗ ಉರಿಯುತ್ತದೆಯೇ, ಕಿಬ್ಬೊಟ್ಟೆಯಲ್ಲಿ ನೋವಿದೆಯೇ ಎಂದೂ ಕೇಳಿದರು. ಪ್ರಾಸ್ಟೇಟ್ ಗ್ರಂಥಿಯ ಉರಿಯೂತ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು ಇವೂ ನಡುವಯಸ್ಸಿನಲ್ಲಿ ಶುರುವಾಗುವ ಶೀಘ್ರಸ್ಖಲನಕ್ಕೆ ಕಾರಣವಾಗುತ್ತವೆ. ರಕ್ತದೊತ್ತಡ ನೋಡಿದರು, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟರು.

ಡಪಾಕ್ಸಿಟಿನ್ ಮಾತ್ರೆಯ ಹೆಸರನ್ನು ನಾನು ಮೊದಲೇ ಓದಿಕೊಂಡು ಹೋಗಿದ್ದೆ. ಅದು ಬೇಡ ಎಂದು ಅವರೇನೂ ಬೈಯಲಿಲ್ಲ. ಕೂಡುವುದಕ್ಕೆ 1ರಿಂದ 3 ಗಂಟೆ ಮೊದಲು ನುಂಗುವ ಮಾತ್ರೆ ಅದು, ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ ಸ್ಖಲನವನ್ನು ತಡ ಮಾಡುತ್ತದೆ. ಕೆಲವರಿಗೆ ಓಕರಿಕೆ, ತಲೆಸುತ್ತು, ಅಪರೂಪಕ್ಕೆ ಎಚ್ಚರ ತಪ್ಪುವುದೂ ಉಂಟು. ಖಿನ್ನತೆಯ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮೊದಲಿನಿಂದಲೂ ತೊಂದರೆ ಇರುವವರಿಗೆ ಇಂಥ ಔಷಧ ಬಹಳ ನೆರವಾಗುತ್ತದೆ, ನಿಮಗೆ ಸದ್ಯ ಬೇಡ ಎಂದರು. ಮರಗಟ್ಟಿಸುವ ಮುಲಾಮಿನ ವಿಷಯವೂ ಬಂತು. "ಅದು ನನಗೂ ತಗಲಿದರೆ?" ಎಂದು ಕೇಳಿದವಳು ಹೆಂಡತಿ. ಸರಿಯಾದ ಪ್ರಶ್ನೆ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಬೇಕು, ಇಲ್ಲವೇ ಕಾಂಡೋಮ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅವಳಿಗೂ ಸ್ಪರ್ಶ ತಿಳಿಯದಂತಾಗುತ್ತದೆ.

ಹುಡುಗನಾಗಿದ್ದಾಗಿನ ಹಸ್ತಮೈಥುನದಿಂದ ಹೀಗಾಯಿತೇ ಎಂಬ ಅನುಮಾನವನ್ನು ಬಾಗಿಲ ಬಳಿ ಬಂದಾಗ ಕೇಳಿದೆ. ಅದರಿಂದ ನರ ದುರ್ಬಲವಾಗುವುದಿಲ್ಲ, ವೀರ್ಯ ಹೋದರೆ ಶಕ್ತಿ ಹೋಗುವುದೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿ ಕಳುಹಿಸಿದರು.

ಮನೆಯಲ್ಲಿ ಮಾಡಲು ಒಂದು ಅಭ್ಯಾಸವನ್ನೂ ಹೇಳಿಕೊಟ್ಟಿದ್ದರು. 1956ರಲ್ಲಿ ಜೇಮ್ಸ್ ಸೆಮನ್ಸ್ ಎಂಬ ಅಮೆರಿಕದ ಮೂತ್ರರೋಗ ತಜ್ಞರು ಬರೆದಿಟ್ಟ ವಿಧಾನವಂತೆ. ಕೂಡುವ ಮಾತು ಸದ್ಯಕ್ಕಿಲ್ಲ, ಕೈಯಿಂದ ಮಾತ್ರ. ಇನ್ನು ತಡೆಯಲಾರೆ ಎನ್ನುವುದಕ್ಕೆ ಮೊದಲೇ ನಿಲ್ಲಿಸಬೇಕು, ಉದ್ರೇಕ ಇಳಿದ ಮೇಲೆ ಮತ್ತೆ ಶುರುಮಾಡಬೇಕು. ಹೀಗೆ ಮೂರು ನಾಲ್ಕು ಸಲ ಆದ ಮೇಲೆ ಸ್ಖಲನವಾಗಲು ಬಿಡಬಹುದು. ಕಷ್ಟವೆಲ್ಲ ಆ "ಮೊದಲೇ" ಎಂಬುದರಲ್ಲಿದೆ. ಸ್ಖಲನ ಎರಡು ಹಂತದಲ್ಲಿ ನಡೆಯುತ್ತದೆ. ವೀರ್ಯ ಒಳಗಿನ ನಾಳಕ್ಕೆ ಬಂದು ಸೇರುವುದು ಮೊದಲನೆಯದು, ಹೊರಚಿಮ್ಮುವುದು ಎರಡನೆಯದು. ಮೊದಲನೆಯದು ನಡೆದುಹೋದರೆ ಮತ್ತೆ ಹಿಂದಿರುಗುವ ದಾರಿಯಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ವೃಷಣಗಳು ಮೇಲಕ್ಕೆ ಎಳೆದುಕೊಳ್ಳುತ್ತವೆ, ತೊಡೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಇಷ್ಟು ವರ್ಷ ನನ್ನದೇ ಮೈಯಲ್ಲಿ ನಡೆಯುತ್ತಿದ್ದ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬೇರೆ ಏನನ್ನಾದರೂ ಯೋಚಿಸು ಎಂದು ಉಪದೇಶಿಸುವವರುಂಟು. ಅದು ತಲೆಕೆಳಗಾದ ಸಲಹೆ ಎಂಬುದು ನನ್ನ ಅಭಿಪ್ರಾಯ. ಗಮನ ಅಲ್ಲಿಯೇ ಇದ್ದರೆ ತಾನೇ ಗುರುತು ಸಿಗುವುದು?

ಮೊದಮೊದಲು "ನಿಲ್ಲಿಸು" ಎನ್ನುವುದಕ್ಕೇ ನನಗೆ ನಾಚಿಕೆ. ಹೆಂಡತಿ ಕೈ ತೆಗೆದು, "ಹೇಳಿ, ಮತ್ತೆ ಶುರುಮಾಡಬಹುದೇ?" ಎಂದು ಗಂಭೀರವಾಗಿ ಕೇಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುವಿನಲ್ಲಿ ನಿಮಿರುವಿಕೆ ಪೂರ್ತಿ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂತು. ನನ್ನ ಮಟ್ಟಿಗೆ ಇದೇ ದೊಡ್ಡ ಸುದ್ದಿ. ಒಮ್ಮೆ ಹೋದರೆ ಆ ರಾತ್ರಿಗೆ ಮುಗಿಯಿತು ಎಂದೇ ನಾನು ನಂಬಿದ್ದೆ, ಅವಸರವೆಲ್ಲ ಆ ನಂಬಿಕೆಯಿಂದ ಹುಟ್ಟಿದ್ದು.

ವರದಿ ಬಂದಾಗ ಥೈರಾಯ್ಡ್ ಸರಿಯಾಗಿತ್ತು, ಸಕ್ಕರೆ ಏರಿತ್ತು. ಸಕ್ಕರೆ ಕಾಯಿಲೆ ರಕ್ತನಾಳ ಮತ್ತು ನರಗಳನ್ನು ಕೆಡಿಸುವಾಗ ನಿಮಿರುವಿಕೆ ಹಲವರಲ್ಲಿ ಮೊದಲೇ ಕುಂದುತ್ತದೆಯಂತೆ. ಅದಕ್ಕೆ ಮಾತ್ರೆ, ದಿನವೂ ನಡಿಗೆ ಶುರುವಾದವು. ನಿಮಿರುವಿಕೆಗೂ ಕೆಲವು ತಿಂಗಳು ಸಿಲ್ಡೆನಾಫಿಲ್ ಕೊಟ್ಟರು, ಎದೆನೋವಿಗೆ ನೈಟ್ರೇಟ್ ಎಂಬ ಔಷಧ ತೆಗೆದುಕೊಳ್ಳುತ್ತಿಲ್ಲ ಎಂದು ಖಚಿತಪಡಿಸಿಕೊಂಡ ನಂತರ. ಅದನ್ನು ಈಗ ಅಪರೂಪಕ್ಕೆ ಬಳಸುತ್ತೇನೆ. ಧಾವಂತ ಬಹಳ ಮಟ್ಟಿಗೆ ಇಳಿದಿದೆ. ಕಚೇರಿಯ ಕೆಲಸ ಮೈಮೇಲೆ ಬಿದ್ದ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ, ಆಗ ಕೈಯ ಅಭ್ಯಾಸಕ್ಕೆ ಮರಳುತ್ತೇವೆ. ಸಕ್ಕರೆಯ ಮರುಪರೀಕ್ಷೆ ಮುಂದಿನ ತಿಂಗಳಿದೆ.