ಬ್ಯಾಗಿನಲ್ಲಿರುವ ಪತ್ರ

ಆಸ್ಪತ್ರೆಯಲ್ಲಿ ನರ್ಸ್ ನಾನು, ನೈಟ್ ಡ್ಯೂಟಿ ಮುಗಿಸಿ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಸಕಲೇಶಪುರದ ಬಸ್ಸಿಗೆ ಇನ್ನೂ ಹೊತ್ತಿದೆ. ರಾಜೀನಾಮೆ ಪತ್ರ 3 ವಾರದಿಂದ ಬ್ಯಾಗಿನಲ್ಲೇ ಇದೆ. ಟಿಫನ್ ಬಾಕ್ಸಿನ ಸಾರು ಸೋರಿ ಒಂದು ಮೂಲೆ ಹಳದಿಯಾಗಿದೆ.

ರಾತ್ರಿ ಮೂರು ಗಂಟೆಗೆ ಒಬ್ಬ ಅಜ್ಜ ಹೋದರು. "ಬೆಳಿಗ್ಗೆ ಒಂದ್ ಲೋಟ ಕಾಫಿ ಕೊಡ್ಸವ್ವ" ಅಂತ ಹನ್ನೊಂದಕ್ಕೆ ಕೇಳಿದ್ದರು. ಅಳುವುದಕ್ಕೂ ಟೈಮಿರಲಿಲ್ಲ, ಪಕ್ಕದ ಬೆಡ್ಡಿನ ಡ್ರಿಪ್ ಮುಗಿದಿತ್ತು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ನಿನ್ನೆ ನನ್ನ ಪಾಲಿಗೆ ಮೂವರಿದ್ದರು. (ಸಂಬಳ ಮಾತ್ರ ಒಬ್ಬರದ್ದೇ!)

ರಜೆ ಕೇಳಿದರೆ "ಎಲ್ಲರಿಗೂ ಸುಸ್ತಾಗುತ್ತಮ್ಮಾ" ಅಂದರು ಮೇಲಿನವರು. ಸುಸ್ತಲ್ಲ ಇದು. ಸುಸ್ತಾದರೆ ನಿದ್ದೆ ಬರುತ್ತದೆ. ನಾನು ಮನೆಯಲ್ಲಿ ಕುಕ್ಕರ್ ಕೂಗಿದರೂ ಮಾನಿಟರ್ ಅಂದುಕೊಂಡು ಎದ್ದು ಓಡುತ್ತೇನೆ.

ಹೋದ ವಾರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡು ಕೊಡಬೇಕಿಲ್ಲ. ವಾರ್ಡಿನ ಗೋಡೆಗೆ ಆ ನಂಬರ್ ಅಂಟಿಸಿದವಳೇ ನಾನು, ರೋಗಿಗಳಿಗೆ ಅಂತ. ನಮಗೂ ಅಂತ ಹೊಳೆದೇ ಇರಲಿಲ್ಲ ನೋಡಿ. 20 ನಿಮಿಷ ಅತ್ತುಬಿಟ್ಟೆ. ಆ ಕಡೆಯವರು ಸುಮ್ನೆ ಕೇಳಿಸಿಕೊಂಡರು.

ಪತ್ರ ಕೊಡುತ್ತೇನೋ ಇಲ್ಲವೋ ಗೊತ್ತಿಲ್ಲ. ಕೊಟ್ಟರೂ ಹೊಸದಾಗಿ ಬರೆಯಬೇಕು, ಸಾರಿನ ಕಲೆ ಚೆನ್ನಾಗಿರಲ್ಲ ಅಲ್ವಾ. ಬಸ್ ಬಂತು.