ಮೇರ್ಸ್‌ಬುರ್ಗ್‌ಗೆ ಕಾರು ಬೇಡ, ಹಡಗು ಹತ್ತಿ

ಜರ್ಮನಿಯ ಮೇರ್ಸ್‌ಬುರ್ಗ್‌ಗೆ ರೈಲು ಹೋಗುವುದಿಲ್ಲ. ಊರಲ್ಲಿ ಸ್ಟೇಷನ್ನೇ ಇಲ್ಲ. ಇದು ಗೊತ್ತಾದ ಕೂಡಲೇ ತುಂಬಾ ಜನ ಕಾರು ಬಾಡಿಗೆಗೆ ಹಿಡಿಯಲು ಹೊರಡುತ್ತಾರೆ. ದಯವಿಟ್ಟು ಬೇಡ. ಹಳೇ ಊರಿನೊಳಗೆ ಕಾರಿಗೆ ಜಾಗ ಇಲ್ಲ, ಬೇಸಿಗೆಯ ಶನಿವಾರ ಪಾರ್ಕಿಂಗ್ ಹುಡುಕುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ವೈನ್ ಊರು. ಸ್ಟಿಯರಿಂಗ್ ಹಿಡಿಯಬೇಕಾದವರು ಇಡೀ ದಿನ ಉಳಿದವರ ಗ್ಲಾಸ್ ನೋಡಿಕೊಂಡು ಕೂರಬೇಕು.

ದಕ್ಷಿಣ ಜರ್ಮನಿಯ ತುದಿಯಲ್ಲಿ ಬೋಡನ್‌ಸೀ ಅಂತ ಒಂದು ದೊಡ್ಡ ಸರೋವರ ಇದೆ. ಇಂಗ್ಲಿಷಿನವರು ಲೇಕ್ ಕಾನ್‌ಸ್ಟನ್ಸ್ ಅನ್ನುತ್ತಾರೆ. ಉದ್ದ 63 ಕಿಲೋಮೀಟರ್, ಸುತ್ತ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ. ಅದರ ಉತ್ತರ ದಡದಲ್ಲಿ, ನೀರಿನ ಪಕ್ಕದಿಂದಲೇ ಕಡಿದಾಗಿ ಏಳುವ ದಿಣ್ಣೆಯ ಮೇಲೆ ಮೇರ್ಸ್‌ಬುರ್ಗ್ ಕೂತಿದೆ. ಸುಮಾರು ಆರು ಸಾವಿರ ಜನರ ಊರು. ಸ್ಟುಟ್‌ಗಾರ್ಟ್, ಮ್ಯೂನಿಕ್, ಜೂರಿಕ್ ಕಡೆ ಇರುವ ನಮ್ಮವರಿಗೆ ಇಲ್ಲಿಗೆ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಊರಿಂದ ಅಪ್ಪ ಅಮ್ಮ ಬಂದಿದ್ದಾಗ ನಾವು ಜೂರಿಕ್‌ನಿಂದ ಹೋಗಿದ್ದೆವು. ಆದ್ದರಿಂದ ನನ್ನ ಸಲಹೆಗಳಲ್ಲಿ ಮಂಡಿನೋವಿನ ಲೆಕ್ಕವೂ ಸೇರಿದೆ.

ದಾರಿ ಹೀಗೆ. ಜೂರಿಕ್‌ನಿಂದ ಕಾನ್‌ಸ್ಟನ್ಸ್ ಊರಿಗೆ ನೇರ ರೈಲಿದೆ, ಒಂದೂಕಾಲು ಗಂಟೆಯ ಆಸುಪಾಸು. ಕಾನ್‌ಸ್ಟನ್ಸ್ ಇರುವುದು ಜರ್ಮನಿಯಲ್ಲಿ, ಆದರೆ ಗಡಿಗೆ ಅಂಟಿಕೊಂಡಿದೆ. ಎರಡೂ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳಾದ್ದರಿಂದ ಸಿಂಗಲ್ ಎಂಟ್ರಿ ವೀಸಾ ಇದ್ದವರೂ ಹೆದರಬೇಕಿಲ್ಲ. ಆದರೂ ಗಡಿಯಲ್ಲಿ ಪೊಲೀಸರು ತಪಾಸಣೆ ಮಾಡಬಹುದು. ಪಾಸ್‌ಪೋರ್ಟ್ ಹೋಟೆಲಲ್ಲಿ ಬಿಟ್ಟು ಬರಬೇಡಿ, ಫೋನಲ್ಲಿರುವ ಫೋಟೋ ಸಾಕಾಗುವುದಿಲ್ಲ. ಸ್ಟುಟ್‌ಗಾರ್ಟ್‌ನವರು ಸಿಂಗನ್ ಮೇಲೆ ಕಾನ್‌ಸ್ಟನ್ಸ್‌ಗೆ ಬರಬಹುದು, ಇಲ್ಲವೇ ಉಲ್ಮ್ ಮೇಲೆ ಫ್ರೀಡ್ರಿಷ್‌ಹಾಫನ್‌ಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು.

ಕಾನ್‌ಸ್ಟನ್ಸ್‌ನಿಂದ ಮೇರ್ಸ್‌ಬುರ್ಗ್‌ಗೆ ನೀರಿನ ಮೇಲೆ ಎರಡು ದಾರಿ, ಎರಡೂ ಬೇರೆ ಬೇರೆ ಜಾಗದಿಂದ. ಇಲ್ಲಿ ಗೊಂದಲ ಆಗುವುದು ಸಹಜ. ಬಿಳಿ ಪ್ರಯಾಣಿಕರ ಹಡಗು ರೈಲ್ವೆ ಸ್ಟೇಷನ್ ಹಿಂದಿನ ಬಂದರಿನಿಂದಲೇ ಹೊರಡುತ್ತದೆ. ಸುಮಾರು ಅರ್ಧ ಗಂಟೆ ಪ್ರಯಾಣ, ಹಳೇ ಊರಿನ ಕಾಲಬುಡದಲ್ಲೇ ಇಳಿಸುತ್ತದೆ. ಆದರೆ ವಸಂತದಿಂದ ಅಕ್ಟೋಬರ್‌ವರೆಗೆ ಮಾತ್ರ, ಸಂಜೆ ಬೇಗ ನಿಂತುಹೋಗುತ್ತದೆ. ಇನ್ನೊಂದು ಕಾರು ಸಾಗಿಸುವ ಫೆರಿ. ಅದು ಊರಾಚೆಯ ಸ್ಟಾಡ್ ಎಂಬಲ್ಲಿಂದ ಹೊರಡುತ್ತದೆ, ಸ್ಟೇಷನ್‌ನಿಂದ ಅಲ್ಲಿಗೆ ಸಿಟಿ ಬಸ್ಸಿದೆ. 1928ರಿಂದ ಓಡುತ್ತಿರುವ ಈ ಫೆರಿಗೆ ರಜೆ ಇಲ್ಲ. ವರ್ಷಪೂರ್ತಿ, ಹಗಲು ರಾತ್ರಿ ಓಡುತ್ತದೆ. ಹದಿನೈದು ನಿಮಿಷದಲ್ಲಿ ಆಚೆ ದಡ. ನಡೆದು ಹತ್ತುವವರಿಗೂ ಜಾಗ ಉಂಟು. ಹೋಗುವಾಗ ಬಿಳಿ ಹಡಗು, ಬರುವಾಗ ಫೆರಿ, ಇದು ನನ್ನ ಶಿಫಾರಸು. ಹೀಗೆ ಮಾಡಿದರೆ ಕೊನೆಯ ಹಡಗು ತಪ್ಪುತ್ತದೆ ಅನ್ನುವ ಧಾವಂತ ಇರುವುದಿಲ್ಲ.

ಹಡಗು ಕಾನ್‌ಸ್ಟನ್ಸ್ ಬಂದರು ಬಿಡುವಾಗ ಮೇಲೆ ನೋಡಿ. ಒಂಬತ್ತು ಮೀಟರ್ ಎತ್ತರದ ಹೆಂಗಸಿನ ಪ್ರತಿಮೆ ನಿಧಾನಕ್ಕೆ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಹೆಸರು ಇಂಪೀರಿಯಾ. ಒಂದು ಕೈಯಲ್ಲಿ ರಾಜನ ಕಿರೀಟ ತೊಟ್ಟ ಕುಳ್ಳ, ಇನ್ನೊಂದರಲ್ಲಿ ಪೋಪನ ಕಿರೀಟ ತೊಟ್ಟ ಕುಳ್ಳ, ಇಬ್ಬರೂ ಬೆತ್ತಲೆ. 1414ರಿಂದ 1418ರವರೆಗೆ ಇಲ್ಲಿ ನಡೆದ ಚರ್ಚ್ ಮಹಾಸಭೆಯನ್ನು ಗೇಲಿ ಮಾಡಲು ಪೀಟರ್ ಲೆಂಕ್ ಎಂಬ ಶಿಲ್ಪಿ 1993ರಲ್ಲಿ ನಿಲ್ಲಿಸಿದ್ದು. ಮೇರ್ಸ್‌ಬುರ್ಗ್ ಬಂದರಿನಲ್ಲೂ ಅವರದೇ ಒಂದು ಕಂಬ ಇದೆ, ಊರಿನ ಹಳೇ ಪ್ರಸಿದ್ಧರೆಲ್ಲ ಅದರ ಮೇಲೆ ಹತ್ತಿ ಕೂತಿದ್ದಾರೆ. ಅಮ್ಮ ಇಂಪೀರಿಯಾಳನ್ನು ಒಮ್ಮೆ ನೋಡಿ, 'ಇವರಿಗೆ ಬೇರೆ ಕೆಲಸ ಇಲ್ವಾ' ಅಂದು ಬಾತುಕೋಳಿ ಕಡೆ ತಿರುಗಿದರು.

ಇಳಿದ ತಕ್ಷಣ ಎಲ್ಲರೂ ಮಾಡುವುದು ಒಂದೇ. ದಡದಲ್ಲಿ ಸಾಲಾಗಿರುವ ಕೆಫೆಗಳಲ್ಲಿ ಕೂತುಬಿಡುವುದು. ನೀವು ಕೂರಬೇಡಿ, ಮೊದಲು ಹತ್ತಿ. ಮೇರ್ಸ್‌ಬುರ್ಗ್ ಅಂದರೆ ಎರಡು ಊರು, ಕೆಳಗಿನದೊಂದು, ಮೇಲಿನದೊಂದು. ನಡುವೆ ಶ್ಟೈಗ್‌ಸ್ಟ್ರಾಸೆ ಎಂಬ ಕಡಿದಾದ ಬೀದಿ. ಎರಡೂ ಕಡೆ ಮರದ ತೊಲೆ ಎದ್ದು ಕಾಣುವ ಹಳೇ ಮನೆಗಳು, ಕಿಟಕಿಗೆಲ್ಲ ಹೂವಿನ ಕುಂಡ. ಮಧ್ಯಾಹ್ನ ಹನ್ನೊಂದೂವರೆ ಆದಮೇಲೆ ಟೂರಿಸ್ಟ್ ಬಸ್ಸುಗಳ ಗುಂಪು ಬಂದು ಈ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟರಲ್ಲಿ ನೀವು ಮೇಲಿದ್ದರೆ ಗೆದ್ದಿರಿ. ನೆಲಕ್ಕೆ ಹಾಸಿರುವುದು ಉರುಟು ಕಲ್ಲು. ಚಪ್ಪಲಿ, ಹೀಲ್ಸ್, ಸೀರೆಯ ಜೊತೆ ಹಾಕುವ ನುಣುಪಾದ ಸ್ಯಾಂಡಲ್ ಯಾವುದೂ ಆಗದು. ಅಮ್ಮ ಸೀರೆ ಮೇಲೆ ಸ್ಪೋರ್ಟ್ಸ್ ಶೂ ಹಾಕಿದ್ದರು, ಅದೇ ಸರಿ.

ಹತ್ತಲು ಆಗದ ಹಿರಿಯರಿದ್ದರೆ ಯೋಜನೆ ತಿರುಗಿಸಿ. ಫ್ರೀಡ್ರಿಷ್‌ಹಾಫನ್ ಕಡೆಯ ಬಸ್ಸು ಮೇಲಿನ ಊರಿನ ಚರ್ಚ್ ಹತ್ತಿರ ನಿಲ್ಲುತ್ತದೆ. ಅಲ್ಲಿ ಇಳಿದು ಊರು ನೋಡುತ್ತಾ ನಿಧಾನಕ್ಕೆ ಕೆಳಗಿಳಿದು ಹಡಗು ಹತ್ತಿದರೆ ಮಂಡಿಗೆ ಉಪಕಾರ. ಮಗುವಿನ ತಳ್ಳುಗಾಡಿ ತರುವವರಿಗೂ ಇದೇ ದಾರಿ ಹೇಳುತ್ತೇನೆ.

ಮೇಲೆ ಎರಡು ಅರಮನೆ ಎದುರುಬದುರು ಇವೆ. ಒಂದು ಹಳೆಯದು, ಇನ್ನೊಂದು ಹೊಸದು. ಸಮಯಕ್ಕೂ ದುಡ್ಡಿಗೂ ಒಂದೇ ಸಾಕು ಅಂದರೆ ಕಣ್ಣುಮುಚ್ಚಿ ಹಳೆಯದಕ್ಕೆ ಹೋಗಿ. ಇದು ಕೋಟೆ. 7ನೇ ಶತಮಾನದಲ್ಲಿ ದಾಗೋಬರ್ಟ್ ಎಂಬ ರಾಜ ಕಟ್ಟಿಸಿದ ಅಂತ ಊರಿನವರು ಹೇಳುತ್ತಾರೆ, ನಡುವಿನ ದಪ್ಪ ಗೋಪುರಕ್ಕೆ ಅವನದೇ ಹೆಸರು. ಅದು ದಂತಕಥೆ ಇರಬಹುದು, ಆದರೆ ಜರ್ಮನಿಯಲ್ಲಿ ಈಗಲೂ ಜನ ವಾಸಿಸುವ ಅತಿ ಹಳೆಯ ಕೋಟೆಗಳಲ್ಲಿ ಇದೊಂದು. ಖಾಸಗಿ ಆಸ್ತಿ, ಮಾಲೀಕರು ಇಲ್ಲೇ ಇದ್ದಾರೆ. ಒಳಗೆ ಹೊಗೆ ಹಿಡಿದ ಅಡುಗೆಮನೆ, ಕವಚ ಕತ್ತಿಗಳ ಕೋಣೆ, ಕೈದಿಗಳನ್ನು ಇಡುತ್ತಿದ್ದ ಕತ್ತಲಿನ ನೆಲಮಾಳಿಗೆ ಎಲ್ಲ ನಿಮ್ಮ ಪಾಡಿಗೆ ನೋಡಿಕೊಂಡು ಹೋಗಬಹುದು. ಗೋಪುರ ಹತ್ತಬೇಕಾದರೆ ಮಾತ್ರ ಗೈಡ್ ಜೊತೆ. ಎಲ್ಲ ಕಡೆ ಮೆಟ್ಟಿಲು, ಮೆಟ್ಟಿಲು, ಇನ್ನೂ ಮೆಟ್ಟಿಲು. ಅಪ್ಪ ಅಡುಗೆಮನೆಯಿಂದ ಆಚೆ ಬರಲೇ ಇಲ್ಲ. ಒಲೆಯ ಮೇಲಿನ ಹೊಗೆಗೂಡು ಹೇಗೆ ಕಟ್ಟಿದ್ದಾರೆ ಅಂತ ಬಗ್ಗಿ ನೋಡುತ್ತಾ ನಿಂತರು.

ಈ ಕೋಟೆಯಲ್ಲಿ ಒಬ್ಬ ಕವಯಿತ್ರಿ ಬದುಕಿ ಸತ್ತಳು. ಆನೆಟ್ ಫಾನ್ ಡ್ರೋಸ್ಟೆ-ಹ್ಯೂಲ್ಸ್‌ಹೋಫ್. ಜರ್ಮನಿಯ ಶಾಲೆಗಳಲ್ಲಿ ಓದಿದವರಿಗೆಲ್ಲ ಗೊತ್ತಿರುವ ಹೆಸರು. ಯೂರೋ ಬರುವ ಮುಂಚೆ 20 ಮಾರ್ಕಿನ ನೋಟಿನ ಮೇಲೆ ಆಕೆಯ ಚಿತ್ರ ಇತ್ತು. ಅಕ್ಕನ ಗಂಡ ಲಾಸ್‌ಬರ್ಗ್ 1838ರಲ್ಲಿ ಈ ಕೋಟೆ ಕೊಂಡಿದ್ದ. 1841ರಲ್ಲಿ ಆಕೆ ಬಂದಳು, ಬರೆದಳು, 1848ರಲ್ಲಿ ಇಲ್ಲೇ ತೀರಿಕೊಂಡಳು. ಆಕೆ ಇದ್ದ ಪುಟ್ಟ ಕೋಣೆಗಳನ್ನು ತೋರಿಸುತ್ತಾರೆ. ನನಗೆ ಇಷ್ಟವಾದದ್ದು ಬೇರೆ. ಕೋಟೆಯಲ್ಲಿ ಅಷ್ಟೊಂದು ಕೋಣೆಗಳಿದ್ದರೂ ಆಕೆ 1843ರಲ್ಲಿ ಹರಾಜಿನಲ್ಲಿ ಊರ ಮೇಲಿನ ದ್ರಾಕ್ಷಿ ತೋಟವೊಂದನ್ನು, ಅದರೊಳಗಿನ ಪುಟ್ಟ ಮನೆಯನ್ನು ತನ್ನದೇ ಅಂತ ಕೊಂಡಳು. ಬರೆಯುವ ಹೆಂಗಸಿಗೆ ಭಾವನ ಕೋಟೆಗಿಂತ ಸ್ವಂತ ಗುಡಿಸಲು ಮೇಲು ಅನ್ನಿಸಿರಬೇಕು. ಆ ಮನೆ ಈಗ ಸಣ್ಣ ಮ್ಯೂಸಿಯಂ.

ಹೊಸ ಅರಮನೆ ಗುಲಾಬಿ ಬಣ್ಣದ, 18ನೇ ಶತಮಾನದ ಕಟ್ಟಡ. ಕಾನ್‌ಸ್ಟನ್ಸ್ ಊರು ಪ್ರಾಟೆಸ್ಟೆಂಟ್ ಮತಸುಧಾರಣೆ ಕಡೆ ವಾಲಿದಾಗ ಅಲ್ಲಿನ ಕ್ಯಾಥೊಲಿಕ್ ಬಿಷಪ್ಪರು 1526ರಲ್ಲಿ ಕೆರೆ ದಾಟಿ ಇಲ್ಲಿಗೆ ಬಂದು ನೆಲೆಸಿದರು. ಆಮೇಲೆ ಕೋಟೆ ಸಾಲದು ಅನ್ನಿಸಿ ಇದನ್ನು ಕಟ್ಟಿಸಿದರು. ಮೆಟ್ಟಿಲಸಾಲು ಚೆನ್ನಾಗಿದೆ, ಬಾಲ್ಟಜಾರ್ ನಾಯ್‌ಮನ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕೈಚಳಕ. ಯುರೋಪಿನಲ್ಲಿ ಒಂದೆರಡು ಅರಮನೆ ನೋಡಿದವರು ಒಳಗೆ ಹೋಗದಿದ್ದರೂ ನಷ್ಟವಿಲ್ಲ. ಹಿಂದಿನ ಜಗಲಿಗೆ ಮಾತ್ರ ಹೋಗಿ. ಕೆಳಗೆ ದ್ರಾಕ್ಷಿ ಸಾಲು, ಅದರ ಕೆಳಗೆ ನೀರು, ಆಚೆ ಸ್ವಿಟ್ಜರ್ಲೆಂಡ್. ತೆಂಕಣ ಗಾಳಿ ಬೀಸಿ ಆಕಾಶ ತಿಳಿಯಾದ ದಿನ 2502 ಮೀಟರ್ ಎತ್ತರದ ಸೆಂಟಿಸ್ ಶಿಖರ ಕೈಗೆ ಸಿಗುವ ಹಾಗೆ ಕಾಣುತ್ತದೆ. ಫ್ರೀಡ್ರಿಷ್‌ಹಾಫನ್ ಕಡೆಯಿಂದ ಜೆಪ್ಪೆಲಿನ್ ಗಾಳಿಹಡಗು ತೇಲಿ ಬಂದರೆ ಬೋನಸ್. 1900ರಲ್ಲಿ ಮೊದಲನೆಯದು ಹಾರಿದ್ದು ಇದೇ ಸರೋವರದ ಮೇಲೆ.

ಈಗ ವೈನ್ ವಿಷಯ. ಸಮುದ್ರಮಟ್ಟದಿಂದ ನಾನೂರು ಮೀಟರ್‌ಗಿಂತ ಮೇಲೆ, ಆಲ್ಪ್ಸ್ ಎದುರಿಗೆ ಇಟ್ಟುಕೊಂಡು ಇಲ್ಲಿ ದ್ರಾಕ್ಷಿ ಹಣ್ಣಾಗುವುದಕ್ಕೆ ಕಾರಣ ಸರೋವರವೇ. ಬೇಸಿಗೆಯ ಬಿಸಿಯನ್ನು ಅಷ್ಟು ನೀರು ಹಿಡಿದಿಟ್ಟುಕೊಂಡು ಚಳಿಗಾಲ ಬರುವವರೆಗೆ ಮೆಲ್ಲಗೆ ಬಿಡುತ್ತದೆ. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ, ನೀರಿನಿಂದ ಪುಟಿದ ಬೆಳಕೂ ಸಿಗುತ್ತದೆ. ಬೆಂಗಳೂರು, ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿಯನ್ನು ತಲೆಮೇಲಿನ ಚಪ್ಪರಕ್ಕೆ ಹಬ್ಬಿಸುವುದನ್ನು ನೋಡಿದ ಕಣ್ಣಿಗೆ ಇಲ್ಲಿಯ ಸೊಂಟದೆತ್ತರದ ತಂತಿ ಸಾಲುಗಳು ಬೇರೆಯೇ ಬೆಳೆ ಅನ್ನಿಸುತ್ತವೆ.

ಇಲ್ಲಿ ಮುಖ್ಯವಾಗಿ ಎರಡು ತಳಿ. ಕೆಂಪಿಗೆ ಶ್ಪೇಟ್‌ಬುರ್ಗುಂಡರ್, ಅಂದರೆ ಪಿನೋ ನ್ವಾರ್. ಬಿಳಿಗೆ ಮ್ಯೂಲರ್-ಟೂರ್ಗಾವ್. ಎರಡನೆಯದನ್ನು 1882ರಲ್ಲಿ ಕಂಡುಹಿಡಿದವನು ಎದುರು ದಡದ ಟೂರ್ಗಾವ್ ಪ್ರಾಂತ್ಯದ ಹೆರ್ಮನ್ ಮ್ಯೂಲರ್. ಆದರೆ ಜರ್ಮನಿಯ ಈ ದಡದಲ್ಲಿ ಅದನ್ನು ನೆಡಲು ಸರ್ಕಾರ ಬಿಡಲಿಲ್ಲ. 1925ರಲ್ಲಿ ಪಕ್ಕದ ಹಾಗ್ನಾವ್ ಕಡೆಯವರು ರಾತ್ರೋರಾತ್ರಿ ದೋಣಿಯಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಸಸಿ ಕದ್ದುಮುಚ್ಚಿ ತಂದು ನೆಟ್ಟರು. ಈಗ ಮೆನುವಿನಲ್ಲಿ ಮೊದಲ ಸಾಲಿಗೇ ಅದು. ಕಳ್ಳಮಾಲು ಅಂತ ತಿಳಿದಮೇಲೆ ರುಚಿ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ರುಚಿ ನೋಡಲು ಹೊಸ ಅರಮನೆಯ ಪಕ್ಕದಲ್ಲೇ ಸರ್ಕಾರಿ ವೈನ್ ಕಾರ್ಖಾನೆ ಇದೆ, ಶ್ಟಾಟ್ಸ್‌ವೈನ್‌ಗುಟ್. ಬಿಷಪ್ಪರ ತೋಟಗಳು 19ನೇ ಶತಮಾನದ ಆರಂಭದಲ್ಲಿ ಸರ್ಕಾರದ ಕೈಸೇರಿದಾಗ ಶುರುವಾದದ್ದು. ಬಿಟ್ಟರೆ ರೈತರ ಸಹಕಾರಿ ಸಂಘ, 1884ರದ್ದು. ನಮ್ಮ ಹಾಲಿನ ಡೇರಿ ನಡೆಯುವ ಹಾಗೆಯೇ ಸದಸ್ಯರು ಹಣ್ಣು ತಂದು ಹಾಕುತ್ತಾರೆ, ಸಂಘ ವೈನ್ ಮಾಡಿ ಮಾರುತ್ತದೆ. ಮೇಲಿನ ಊರಿನ ವಿನೇಯುಮ್ ಮ್ಯೂಸಿಯಂನಲ್ಲಿ 1607ರ ದೈತ್ಯ ಮರದ ಗಾಣ ಇದೆ. ಮಕ್ಕಳಿದ್ದರೆ ಖಂಡಿತ ತೋರಿಸಿ. ಕೇಳುವಾಗ ನೂರು ಮಿಲಿಯ ಗ್ಲಾಸ್ ಅಂತ ಕೇಳಿ. 'ಫಿಯರ್ಟೆಲೆ' ಅಂದರೆ ಕಾಲು ಲೀಟರ್, ಖಾಲಿ ಹೊಟ್ಟೆಗೆ ಅದು ಬೇಡ. ಕುಡಿಯದವರು 'ಟ್ರೌಬನ್‌ಸಾಫ್ಟ್' ಕೇಳಿ. ಅದೇ ತೋಟಗಳ ದ್ರಾಕ್ಷಿ ರಸ, ಸಕ್ಕರೆ ಬೆರೆಸಿದ್ದಲ್ಲ. ಅಪ್ಪ 'ಇಷ್ಟು ದೂರ ಬಂದು ಜ್ಯೂಸಾ' ಅಂದವರು ಕೊನೆಗೆ ಅದರದ್ದೇ ಎರಡು ಬಾಟಲಿ ಕೊಂಡರು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೇಸ್‌ಶ್ಪೆಟ್ಸ್‌ಲೆ ಚೀಸ್ ಹಾಕಿದ ನೂಡಲ್ಸ್ ತರಹದ್ದು, ಹೊಟ್ಟೆ ತುಂಬುತ್ತದೆ, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಮೌಲ್ಟಾಶನ್ ಎಂಬ ಕಡುಬಿನ ಒಳಗೆ ಸಾಮಾನ್ಯವಾಗಿ ಮಾಂಸ. ಆಲೂಗಡ್ಡೆ ಸಲಾಡ್ ಪಾಪದ್ದು ಅನ್ನಿಸುತ್ತದೆ ಅಲ್ವಾ, ಈ ಕಡೆ ಅದನ್ನು ಮಾಂಸದ ಸಾರು ಹಾಕಿ ಕಲಸುತ್ತಾರೆ. ಕೇಳಿಯೇ ತಿನ್ನಿ. ಡ್ಯುನೆಲೆ ಎಂಬ ತೆಳು ರೊಟ್ಟಿಯನ್ನು 'ಓನೆ ಶ್ಪೆಕ್', ಅಂದರೆ ಹಂದಿಮಾಂಸ ಬಿಟ್ಟು, ಅಂತ ಹೇಳಿ ಮಾಡಿಸಿಕೊಂಡರೆ ನಿಶ್ಚಿಂತೆ. ಮೀನು ತಿನ್ನುವವರಿಗೆ ಇನ್ನೊಂದು ಮಾತು. ಬೋಡನ್‌ಸೀ ಅಂದರೆ ಫೆಲ್ಕನ್ ಮೀನು ಅಂತ ಎಲ್ಲರೂ ಹೇಳುತ್ತಾರೆ. ಸಂತತಿ ಕುಸಿದದ್ದರಿಂದ 2024ರ ಜನವರಿಯಿಂದ ಮೂರು ವರ್ಷ ಈ ಭಾಗದಲ್ಲಿ ಅದನ್ನು ಹಿಡಿಯುವುದನ್ನು ನಿಷೇಧಿಸಿದ್ದಾರೆ. ಈ ಅವಧಿಯಲ್ಲಿ ತಟ್ಟೆಗೆ ಬರುವುದು ಬೇರೆ ಕಡೆಯದು, ಸರೋವರದ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ. ದಡದ ಒಂದು ಹೋಟೆಲಲ್ಲಿ ನಾವು ಬಾಟಲಿ ನೀರಿಗೆ ಕೊಟ್ಟ ದುಡ್ಡಲ್ಲಿ ಮೇಲಿನ ಊರಿನಲ್ಲಿ ಒಂದು ಗ್ಲಾಸ್ ವೈನ್ ಬರುತ್ತಿತ್ತು. ನಲ್ಲಿ ನೀರು ಬಾಟಲಿಯಲ್ಲಿ ತುಂಬಿಕೊಂಡು ಬನ್ನಿ. ಸ್ಟುಟ್‌ಗಾರ್ಟ್‌ನವರು ದಿನಾ ಕುಡಿಯುವುದೂ ಇದೇ ಸರೋವರದ ನೀರೇ, ಪೈಪಿನಲ್ಲಿ ಹೋಗುತ್ತದೆ.

ಮಧ್ಯಾಹ್ನ ಮೇಲೆ ಕಾಲಲ್ಲಿ ಶಕ್ತಿ ಉಳಿದಿದ್ದರೆ ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಹಾಗ್ನಾವ್‌ಗೆ ನಡೆಯಿರಿ. ನಾಲ್ಕೈದು ಕಿಲೋಮೀಟರ್, ಹೆಚ್ಚೇನೂ ಏರಿಳಿತ ಇಲ್ಲ. ಅಲ್ಲಿಂದ ಹಡಗಿನಲ್ಲೋ ಬಸ್ಸಿನಲ್ಲೋ ವಾಪಸ್. ನೆರಳು ಕಡಿಮೆ, ಟೋಪಿ ಇರಲಿ. ಬೇಲಿ ಇಲ್ಲ ಅಂತ ದ್ರಾಕ್ಷಿ ಕೀಳಬೇಡಿ.

ಯಾವಾಗ ಹೋಗಬೇಕು ಅಂದರೆ, ನನ್ನ ಮತ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರ. ಕೊಯ್ಲು ನಡೆಯುತ್ತಿರುತ್ತದೆ, ಇನ್ನೂ ಹುಳಿಯುತ್ತಿರುವ ಹೊಸ ವೈನ್ 'ಸೂಸರ್' ಸಿಗುತ್ತದೆ, ಜೊತೆಗೆ ಬಿಸಿ ಈರುಳ್ಳಿ ಕೇಕ್. ಅದರಲ್ಲೂ ಹಂದಿಮಾಂಸದ ಚೂರು ಇರಬಹುದು, ಕೇಳಿ. ಸೂಸರ್ ಸಿಹಿಯಾಗಿ ಇಳಿಯುತ್ತದೆ, ಆಮೇಲೆ ಹೊಟ್ಟೆಯಲ್ಲಿ ಗುಡುಗುತ್ತದೆ. ಜುಲೈ ಆಗಸ್ಟ್‌ನಲ್ಲಿ ಜನವೋ ಜನ. ನವೆಂಬರ್‌ನಲ್ಲಿ ಮಂಜು ಕವಿದು ಎದುರು ದಡ ಇರಲಿ, ಬಂದರೇ ಕಾಣುವುದಿಲ್ಲ. ವಾರದ ನಡುವಿನ ದಿನ ಆದರೆ ಒಳ್ಳೆಯದು. ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ.

ಕೈಯಲ್ಲಿ ಸ್ವಲ್ಪ ನಗದು ಯೂರೋ ಇಟ್ಟುಕೊಳ್ಳಿ, ಶೌಚಾಲಯಕ್ಕೆ ಚಿಲ್ಲರೆ ಬೇಕು. ಫೋನಿನಲ್ಲಿ ನೆಟ್‌ವರ್ಕನ್ನು ಕೈಯಾರೆ ಜರ್ಮನ್ ಕಂಪನಿಗೆ ಹೊಂದಿಸಿ. ನೀರಿನ ಆಚೆಯ ಸ್ವಿಸ್ ಟವರ್ ತಾನಾಗಿಯೇ ಹಿಡಿಯುತ್ತದೆ, ಯುರೋಪಿಯನ್ ಯೂನಿಯನ್ನಿನ ಉಚಿತ ರೋಮಿಂಗ್ ಸ್ವಿಟ್ಜರ್ಲೆಂಡ್‌ಗೆ ಅನ್ವಯಿಸುವುದಿಲ್ಲ, ಬಿಲ್ ಬಂದಾಗ ಗೊತ್ತಾಗುತ್ತದೆ. ಬಾಟಲಿ ಕೊಳ್ಳುವುದಾದರೆ ಸ್ವಿಟ್ಜರ್ಲೆಂಡ್‌ಗೆ ತಲಾ ಐದು ಲೀಟರ್‌ವರೆಗೆ ಸುಂಕವಿಲ್ಲದೆ ಒಯ್ಯಬಹುದು, ಭಾರತಕ್ಕೆ ಎರಡು ಲೀಟರ್. ವಿಮಾನದಲ್ಲಿ ಚೆಕ್‌ಇನ್ ಲಗೇಜಿನಲ್ಲಿ ಮಾತ್ರ, ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ.

ಸಂಜೆ ಐದರ ನಂತರ ಟೂರಿಸ್ಟ್ ಬಸ್ಸುಗಳು ಹೊರಟುಹೋಗುತ್ತವೆ, ಆಮೇಲೆ ದಡದ ಬೆಂಚುಗಳು ಖಾಲಿ. ಊರು ನೋಡಬೇಕಾದದ್ದು ಆಗ. ಬೆಳಗ್ಗೆ ಬಿಟ್ಟುಬಂದ ಕೆಫೆಗಳಲ್ಲಿ ಈಗ ಆರಾಮಾಗಿ ಕೂರಬಹುದು. ಫೆರಿ ಕಟ್ಟೆ ಹಳೇ ಊರಿನಿಂದ ಪಡುವಣಕ್ಕೆ ಹತ್ತು ನಿಮಿಷದ ನಡಿಗೆ, ಏರು ಇಲ್ಲ. ಆಚೆ ಸ್ಟಾಡ್‌ನಲ್ಲಿ ಇಳಿದಮೇಲೆ ಸ್ಟೇಷನ್ ಬಸ್ಸು ರಾತ್ರಿ ಹೊತ್ತು ವಿರಳ ಆಗುತ್ತದೆ. ಜೂರಿಕ್ ಕಡೆಯ ಕೊನೆಯ ರೈಲಿನ ಸಮಯ ನೋಡಿಕೊಂಡು ಕನಿಷ್ಠ ಒಂದು ಗಂಟೆ ಮುಂಚೆ ಮೇರ್ಸ್‌ಬುರ್ಗ್ ಬಿಡಿ.